ಬೀಗದ ಕೈ

ಹತ್ತೊಂಬತ್ತು ಮನೆ ಆಗ ನನ್ನ ಲಿಸ್ಟಿನಲ್ಲಿ.
ವಿನೋಬನಗರದಲ್ಲಿ ಆರು, ಗೋಪಾಳದಲ್ಲಿ ನಾಲ್ಕು,
ಉಳಿದವು ಸವಳಂಗ ರಸ್ತೆಯ ಆಚೀಚೆ.
ಎಲ್ಲ ಗೇಟಿಗೂ ಒಂದೊಂದು ಕಬ್ಬಿಣದ ಡಬ್ಬಿ,
ಸೋಪಿನ ಪೆಟ್ಟಿಗೆಯಷ್ಟು ಗಾತ್ರ.
ಹೊಟ್ಟೆಯೊಳಗೆ ಬೀಗದ ಕೈ, ಮೇಲೆ ನಾಲ್ಕು ಅಂಕಿಯ ಚಕ್ರ.

ಹತ್ತೊಂಬತ್ತಕ್ಕೂ ಒಂದೇ ನಂಬರು.
ನೆನಪಿಗೆ ಸುಲಭ ಅಂತ
ನನ್ನ ಹಳೇ ಬೈಕಿನದೇ ಇಟ್ಟಿದ್ದೆ.
ಬೈಕು ಆಫೀಸಿನ ಮುಂದೆಯೇ ನಿಂತಿರುತ್ತಿತ್ತು
ಊರಿಗೆಲ್ಲ ಓದಲು ಬರುವ ಹಾಗೆ.

ಗುತ್ಯಮ್ಮ ಸಿಸ್ಟರ್‌ಗೆ ಸೊರಬಕ್ಕೆ ವರ್ಗವಾಗಿತ್ತು.
ಆಲ್ಕೊಳ ಸರ್ಕಲ್ ಹತ್ತಿರ ಅವರ ಎರಡು ರೂಮಿನ ಮನೆ,
ಸಾಮಾನು ಅರ್ಧ ಹೋಗಿ ಅರ್ಧ ಉಳಿದಿತ್ತು.
"ಜೋಪಾನ" ಅಂದರು ಕೀ ಕೊಡುವಾಗ.
"ನಮ್ಮನೇನೇ ಅಂದ್ಕೊಳ್ಳಿ" ಅಂದೆ ನಾನು.
ಯಾರ ಮನೆಯನ್ನು ಯಾರು ಅಂದುಕೊಳ್ಳಬೇಕು,
ನಾನು ಯೋಚಿಸಲಿಲ್ಲ, ಅವರು ಕೇಳಲಿಲ್ಲ.

ಒಂದು ಶನಿವಾರ ಸಂಜೆ ಬಂದವರು ಕಂಡದ್ದು ಇಷ್ಟು:
ಗ್ಯಾಸ್ ಒಲೆಯ ಸುತ್ತ ಗಂಜಿ ಉಕ್ಕಿದ ಕಲೆ.
ತೊಳೆದು ಕವುಚಿಟ್ಟ ಪಾತ್ರೆ.
ಮಂಚದ ಮೇಲೆ ಮಡಚಿದ ರಗ್ಗು,
ಅವರು ಮಡಚುವ ರೀತಿಯಲ್ಲಲ್ಲ.
ಬಚ್ಚಲಲ್ಲಿ ಅರ್ಧ ಕರಗಿದ, ಯಾರದೋ ಸೋಪು.
ಗೇಟಿನ ಡಬ್ಬಿಯಲ್ಲಿ ಬೀಗದ ಕೈ
ಇದ್ದಲ್ಲೇ ಇತ್ತು.

"ಏನು ಹೋಯ್ತು?" ಅಂದರು ಠಾಣೆಯ ದಫೇದಾರರು.
ಏನೂ ಹೋಗಿಲ್ಲ.
"ಏನೂ ಹೋಗದೆ ಏನಂತ ಬರೀಲಿ?"
ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದು
ನನ್ನ ಕಡೆ ತಿರುಗಿದರು: "ನಂಬರು ಯಾರ್ಯಾರಿಗೆ ಗೊತ್ತು?"

ಬಣ್ಣದ ಕೆಂಚಪ್ಪ.
ಅವನ ಜೊತೆಗೊಬ್ಬ ಹುಡುಗ, ಹೆಸರು ಕೇಳಿಲ್ಲ.
ನಲ್ಲಿ ರಿಪೇರಿಗೆ ಬಂದವರು. ಭದ್ರಾವತಿಯ ಇಬ್ಬರು ಬ್ರೋಕರು.
ಮನೆ ನೋಡಲು ಬಂದ ತೀರ್ಥಹಳ್ಳಿಯ ಗಂಡ ಹೆಂಡತಿ.
ಅವತ್ತು ನಾನು ಬೇರೊಂದು ರಿಜಿಸ್ಟ್ರೇಶನ್ನಿಗೆ ಹೋಗಿದ್ದೆ,
"ನೀವೇ ತೆಗೆದು ನೋಡ್ಕೊಳ್ಳಿ" ಅಂದಿದ್ದೆ ಫೋನಿನಲ್ಲಿ,
ಟೀ ಅಂಗಡಿಯಲ್ಲಿ ನಿಂತು, ಗಟ್ಟಿಯಾಗಿ, ಎರಡು ಸಲ,
ಒಂದೊಂದೇ ಅಂಕಿ ಬಿಡಿಸಿ.
ಟೀ ಅಂಗಡಿಯಲ್ಲಿ ಎಷ್ಟು ಜನ ಇದ್ದರೋ.
ಬೆರಳು ಮುಗಿದವು. ದಫೇದಾರರು ಬರೆಯುವುದು ಬಿಟ್ಟರು.

ಅಲ್ಲಿವರೆಗೂ ಸುಮ್ಮನಿದ್ದ ಗುತ್ಯಮ್ಮ ಅಂದರು:
"ಬೀಗದ ಕೈ ನಾನು ಕೊಟ್ಟಿದ್ದು ನಿಮ್ಮ ಕೈಗೆ.
ನೀವದನ್ನ ಊರ ಬಾಯಿಗೆ ಕೊಟ್ಟಿರಿ."
ಬೈಗುಳ ಅಲ್ಲ.
ಸೂಜಿ ಚುಚ್ಚುವ ಮೊದಲು "ಸ್ವಲ್ಪ ನೋವಾಗುತ್ತೆ" ಅನ್ನುವ ದನಿ.

"ಕಮಿಷನ್ನಿನಲ್ಲಿ ಹಿಡಿದುಕೊಳ್ಳಿ" ಅಂದೆ.
"ಎಷ್ಟು ಹಿಡೀಲಿ?
ರಜೆಗೆ ಬಂದಾಗ ನಾನು ಮಲಗೋ ಮಂಚ ಅದು.
ಇನ್ನು ಮಲಗೋಕಾಗಲ್ಲ.
ಅದರ ರೇಟು ಹೇಳಿ."

ಮೂಲೆ ಸೈಟಿಗೆ ಎಷ್ಟು ಜಾಸ್ತಿ, ನನಗೆ ಗೊತ್ತು.
ಪೂರ್ವದ ಬಾಗಿಲಿಗೆ, ಬೋರ್‌ವೆಲ್ಲಿಗೆ, ಅಡಿಗಿಷ್ಟು ಅಂತ
ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.
ಮಂಚಕ್ಕೆ ಬಾಯಿ ಬರಲಿಲ್ಲ.
ಕೀ ವಾಪಸು ಕೊಟ್ಟೆ.

ರಾತ್ರಿ ಅದೇ ಬೈಕು ಹತ್ತಿದೆ.
ಗೇಟಿನಿಂದ ಗೇಟಿಗೆ, ಟಾರ್ಚು ಹಲ್ಲಲ್ಲಿ ಕಚ್ಚಿ,
ಡಬ್ಬಿ ಬಿಚ್ಚಿ ಕೀ ತೆಗೆದು ಜೇಬಿಗೆ ಹಾಕುತ್ತ.
ನಾಯಿಗಳು ಕಳ್ಳನೆಂದೇ ಬೊಗಳಿದವು.
ಹದಿನೇಳು ಕೀಗಳ ಭಾರಕ್ಕೆ ಪ್ಯಾಂಟು ಜಾರುತ್ತಿತ್ತು,
ಹೆಜ್ಜೆಗೊಮ್ಮೆ ಜಣ ಜಣ, ಗಾಡಿ ಎತ್ತಿನ ಹಾಗೆ.

ಕೊನೆಯದು, ಸವಳಂಗ ರಸ್ತೆಯಿಂದ ಒಳಗೆ.
ಬೈಕಿನ ನಂಬರು ತಿರುಗಿಸಿದೆ. ಮುಚ್ಚಳ ಬಿತ್ತು.
ಡಬ್ಬಿ ಖಾಲಿ.

ತಲೆ ಎತ್ತಿದರೆ ಅಡುಗೆಮನೆಯ ಕಿಟಕಿಯಲ್ಲಿ ಬೆಳಕು.
ಒಳಗೆ ಕುಕ್ಕರ್ ಒಂದು ಸಲ ಕೂಗಿ ಸುಮ್ಮನಾಯಿತು.

ಜೇಬಿನಲ್ಲಿ ಹದಿನೇಳು ಕೈ.
ಬಾಗಿಲು ತಟ್ಟಲು
ನನ್ನದೊಂದೇ.